ಊರ ಹೊರಗಿನ ತಗ್ಗು

ಮೊನ್ನೆ ಯಾರೋ ಓಣಿಯ ತುದಿಯಲ್ಲಿ ಹಳೆಯ ಗಾದಿಯೊಂದನ್ನು ಸುಡುತ್ತಿದ್ದರು. ಸುಟ್ಟ ಹತ್ತಿಯ ಕಮಟು ಮೂಗಿಗೆ ಬಡಿದದ್ದೇ ತಡ, ನನಗೆ ಅಕ್ಷರ ಕಲಿಸಿದ ಮಾಸ್ತರರು ನೆನಪಾದರು. ಮೈ ಹಿಡಿಯಷ್ಟಾಯಿತು.

ಎಪ್ಪತ್ತರ ದಶಕದ ಶಹಾಬಾದ. ನಮ್ಮ ಓಣಿಯ ಆಚೆ, ಕಲ್ಲು ತೆಗೆದು ಬಿಟ್ಟ ಹಳೆಯ ಖಣಿಯೊಂದಿತ್ತು. ನಮ್ಮ ಕಸವೆಲ್ಲ ಅದಕ್ಕೇ. ಅದರ ಅಂಚಿಗೆ ಕೆಲವು ಕ್ರೈಸ್ತರ ಮನೆಗಳು, ಮಾಸ್ತರರದೂ ಅಲ್ಲೇ. ದಸರೆಗೆ ಮುಂಚೆ ನಮ್ಮ ಕಡೆ ಹಾಸಿಗೆ ಹೊದಿಕೆ ಒಂದೂ ಬಿಡದೆ ತೊಳೆಯುತ್ತಾರೆ. ಹರಿದದ್ದೆಲ್ಲ ಖಣಿಗೆ ಬೀಳುತ್ತಿತ್ತು, ಮೇಲೆ ಬೆಂಕಿ. ದಿನಗಟ್ಟಲೆ ಹೊಗೆಯಾಡುತ್ತಿತ್ತು.

ಒಂದು ವರ್ಷ ಮಾಸ್ತರರು ನಮ್ಮ ಕಟ್ಟೆಯ ಮುಂದೆ ಬಂದು ನಿಂತರು. ಓಣಿಯಲ್ಲಿ ಅಪ್ಪನ ಮಾತೇ ಮಾತು.

“ಅವ್ವಗ ದಮ್ಮು ಭಾಳ ಆಗ್ಯಾದರಿ ಸಾವಕಾರ್ರೇ. ಈ ಸಲ ಬೆಂಕಿ ಹಚ್ಚಬ್ಯಾಡಂತ ಹೇಳ್ರಿ.”

ಅಪ್ಪ ತಮಾಷೆಗಿಳಿದರು. “ನಿಮ್ಮ ಬೈಬಲ್‌ನ್ಯಾಗ ಬೆಂಕಿ ನರಕ ಅದಂತಲ್ಲ? ಈಗಿಂದೇ ರೂಢಿ ಆಗಲಿ ಬಿಡ್ರಿ.”

ಕೂತವರೆಲ್ಲ ನಕ್ಕರು. ಮಾಸ್ತರರು ಪಾಠ ಹೇಳುವ ದನಿಯಲ್ಲೇ ಅಂದರು: “ಯೇಸುಸ್ವಾಮಿ ಆ ನರಕಕ್ಕ ಗೆಹೆನ್ನ ಅಂದಾರರಿ. ಅದು ಯೆರೂಸಲೇಮಿನ ಹೊರಗಿದ್ದ ಒಂದು ತಗ್ಗಿನ ಹೆಸರು. ಊರ ಕಸ ಅಲ್ಲೇ ಸುಡತಿದ್ದರಂತ. ಅದರ ಬಾಜೂಕ ಯಾರ ಮನಿ ಇದ್ದವು ಅಂತ ಮಾತ್ರ ಎಲ್ಲೂ ಬರದಿಲ್ಲರಿ.”

ಆದರೂ ಬೆಂಕಿ ಹಚ್ಚುವುದು ತಪ್ಪಲಿಲ್ಲ.

ದಸರೆಗೆ ಘಟ ಕೂಡಿಸುವ ಹಿಂದಿನ ದಿನ ಹೊಗೆಯೆಲ್ಲ ಅವರ ಮನೆಗಳತ್ತ ತಿರುಗಿತು. ಮಾಸ್ತರರು, ಅವರ ತಮ್ಮ ಸೇರಿ ತಾಯಿಯನ್ನು ಹೊರಸಿನ ಸಮೇತ ಹೊತ್ತು ತಂದರು. “ಹೊಗಿ ಇಳಿಯೋತನಕ ನಿಮ್ಮ ಪಡಸಾಲ್ಯಾಗ ಮಲಗಸ್ತೀನ್ರಿ.”

“ಮನಿ ಎಲ್ಲಾ ತೊಳದು ಆಗ್ಯಾದ ಮಾಸ್ತರ್ರೇ,” ಅಂದರು ಅಪ್ಪ, ಒಳಗಿನಿಂದಲೇ.

ಹೊರಸನ್ನು ಎದುರಿನ ಬೇವಿನ ಮರದಡಿ ಇಳಿಸಿದರು. ನಮ್ಮ ತೊಳೆದ ಕೌದಿಗಳು ಪಕ್ಕದಲ್ಲೇ ಒಣಗುತ್ತಿದ್ದವು. ಆ ಮುದುಕಿ ಉಸಿರಿಗೆ ಒದ್ದಾಡುವುದು ನಮ್ಮ ಅಡುಗೆಮನೆಯವರೆಗೂ ಕೇಳುತ್ತಿತ್ತು… ಹಬ್ಬ ಮುಗಿಯುವಷ್ಟರಲ್ಲಿ ಆಕೆ ಹೋಗಿಬಿಟ್ಟರು.

ನನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿದ ಅಪ್ಪನೇ ಅವರು. ಆ ಅಪ್ಪನನ್ನು ನೆನೆದು ನಾಚಿಕೆಯಿಂದ ತಲೆ ತಗ್ಗಿಸಬೇಕಾಗಿ ಬಂತಲ್ಲ…

ಅಪ್ಪ ತೀರಿಕೊಂಡ ಸುದ್ದಿ ಕೇಳಿ, ಚಿಂಚೋಳಿಗೆ ವರ್ಗವಾಗಿದ್ದ ಮಾಸ್ತರರು ಬಸ್ಸು ಹಿಡಿದು ಬಂದರು. “ಒಳಗ ಬರ್ರಿ, ಕುಂದ್ರಿ,” ಅಂದೆ. ಅವರು ಹೊಸ್ತಿಲಾಚೆಯೇ ನಿಂತು ಮೆಲ್ಲಗೆ ಕೇಳಿದರು: “ಮನಿಗೆ ಹೆಂಗೂ ಸೂತಕ ಅದಲ್ಲ, ಈಗ ಬರಬಹುದೇನವ್ವಾ?”

ಅದರಲ್ಲಿ ಕೊಂಕಿರಲಿಲ್ಲ. ನಿಜವಾಗಿಯೇ ಕೇಳುತ್ತಿದ್ದರು.

ಈಗ ಮಾಸ್ತರರೂ ಇಲ್ಲ. ಪಡಸಾಲೆಯಲ್ಲಿ ಒಬ್ಬಳೇ ಕೂತಾಗ ಆ ಮಾತು ಕಿವಿಗೆ ಬರುತ್ತದೆ, ಎದ್ದು ಒಳಗೆ ಹೋಗಿಬಿಡುತ್ತೇನೆ.