ಕಾಳಿ ಹೊಳೆಯಲ್ಲಿ ಕಳೆದ ಲಿಂಗ

ಯುದ್ಧದ ವರ್ಷಗಳಲ್ಲಿ ನಾನು ದಾಂಡೇಲಿ ಅಡವಿಯಿಂದ ಹಳಿಯಾಳಕ್ಕೆ ಚಕ್ಕಡಿಯಲ್ಲಿ ಸಾಗವಾನಿ ದಿಮ್ಮಿ ಸಾಗಿಸುತ್ತಿದ್ದೆ. ಒಂದು ಮಧ್ಯಾಹ್ನ ಕಾಳಿ ಹೊಳೆಯಲ್ಲಿ ಎತ್ತುಗಳ ಮೈ ತೊಳೆಯುವಾಗ ಕೊರಳಿನ ಶಿವದಾರ ಹರಿದು, ಹುಟ್ಟಿದಾಗ ಕಟ್ಟಿದ್ದ ಇಷ್ಟಲಿಂಗ ನೀರುಪಾಲಾಯಿತು. ಸಂಜೆಯವರೆಗೆ ಮರಳು ಕೆದಕಿದೆ. ಸಿಗಲಿಲ್ಲ.

ಲಿಂಗ ಕಳೆದುಕೊಂಡವನು ಅನ್ನ ಮುಟ್ಟಬಾರದು, ಮುಟ್ಟಿದರೆ ಮನೆ ಉಳಿಯುವುದಿಲ್ಲ ಎಂಬುದು ನಮ್ಮ ಮನೆತನದ ನಂಬಿಕೆ. ಹೊಸದು ಕಟ್ಟಬೇಕಾದ ಅಯ್ಯನವರು ಪರವೂರಿಗೆ ಹೋಗಿದ್ದರು. ಯಾವಾಗ ಬರುತ್ತಾರೋ ಯಾರಿಗೂ ಗೊತ್ತಿರಲಿಲ್ಲ. ಹುಲಿ ತಿರುಗಾಡುವ ದಾರಿಯಲ್ಲಿ ಹಾಡುತ್ತ ಚಕ್ಕಡಿ ಹೊಡೆಯುತ್ತಿದ್ದ ಶೂರ ನಾನು, ಒಂದು ತುತ್ತು ಅನ್ನಕ್ಕೆ ಹೆದರಿ ಮೂಲೆ ಹಿಡಿದೆ.

ಮೂರನೆಯ ದಿನ ಬೆಳಿಗ್ಗೆ ಎದ್ದಾಗ ನನ್ನ ಕೊರಳಲ್ಲಿ ಲಿಂಗವಿತ್ತು. ಅವ್ವನದು. ಅವಳು ಚಳಿಜ್ವರದಲ್ಲಿ ನಡುಗುತ್ತ ಪಕ್ಕದಲ್ಲೇ ಕೂತಿದ್ದಳು.

“ಈಗರ ಉಣ್ಣೋ ತಮ್ಮಾ. ನಂದಿನ್ನ ಎಷ್ಟ್ ದಿನ ಐತಿ? ನಾ ಉಪವಾಸ ಇರ್ತೇನಿ.”

ಒಬ್ಬರ ಲಿಂಗವನ್ನು ಇನ್ನೊಬ್ಬರು ಕಟ್ಟಿಕೊಳ್ಳುವುದಿಲ್ಲ. ಅದು ಅವಳಿಗೂ ಗೊತ್ತಿತ್ತು. ನನಗೆ ಸಿಟ್ಟು ಬಂತು, ಅಳುವೂ ಬಂತು.

ಅದನ್ನು ಮತ್ತೆ ಅವಳ ಕೊರಳಿಗೇ ಕಟ್ಟಿ, ಅಪ್ಪ ಬಿಟ್ಟುಹೋಗಿದ್ದ ಶಾಸ್ತ್ರದ ಹೊತ್ತಿಗೆ ತೆಗೆದೆ. ಅಂಗೈಯ ಲಿಂಗ ಬರೀ ಕುರುಹು, ಉಸಿರಿನಲ್ಲಿ ಇನ್ನೊಂದಿದೆ, ಅದು ಪ್ರಾಣಲಿಂಗ ಎಂಬ ಮಾತು ಅದರಲ್ಲಿತ್ತು. ಚಿಕ್ಕಂದಿನಲ್ಲಿ ಏಟು ತಿಂದು ಕಲಿತ ಪಾಠ ಅದು. ಆ ದಿನ ಆ ಸಾಲಿನ ಮೇಲೆ ಬೆರಳಿಟ್ಟು ಸುಮ್ಮನೆ ಕೂತೆ. ಉಸಿರು ಹೋಗುತ್ತಿತ್ತು, ಬರುತ್ತಿತ್ತು. ನಾನು ಹೊಳೆಯಲ್ಲಿ ಹುಡುಕಿದ್ದೆನಲ್ಲ!

ಬರಿದಾದ ಎಡಗೈಗೆ ವಿಭೂತಿ ಹಚ್ಚಿ, ಪತ್ರಿ ಇಟ್ಟು ಪೂಜೆ ಮಾಡಿದೆ. ಆಮೇಲೆ ಗಂಜಿ ಕುಡಿದೆ. ಹೆದರಿಕೆ ಆಗಲಿಲ್ಲ.

“ಏನೂ ಇಲ್ಲದ ಕೈಗೆ ಪೂಜಿ ಮಾಡಿದ್ಯಲ್ಲೋ!” ಎಂದು ಅವ್ವ ಬೆಚ್ಚಿದಳು.

ಅವಳ ಕೈ ಹಿಡಿದು ನನ್ನ ಎದೆಗೆ ಒತ್ತಿಕೊಂಡೆ. “ಇಲ್ಲೈತಿ ನೋಡಬೇ.”

ಅವಳು ಬಹಳ ಹೊತ್ತು ಕೈ ತೆಗೆಯಲಿಲ್ಲ. “ಹೌದಲ್ಲೋ, ಐತಿ” ಎಂದಳು. ಎರಡು ಗುಟುಕು ಗಂಜಿಯನ್ನೂ ಕುಡಿದಳು.

ಜ್ವರ ಇಳಿಯಲಿಲ್ಲ. ನಾಲ್ಕೇ ದಿನಕ್ಕೆ ಅವ್ವ ಹೋದಳು. ನಾನು ಉಂಡಿದ್ದಕ್ಕೇ ಮನೆ ಮುಳುಗಿತು ಎಂದು ಓಣಿಯವರು ಆಡಿಕೊಂಡರು. ಆ ಮಾತಿಗೆ ನಾನು ಹೆದರಲಿಲ್ಲ. ಹೆದರಿಕೆ ಹೋದರೆ ದುಃಖವೂ ಹೋಗುತ್ತದೆ ಎಂದು ಯಾವ ಶಾಸ್ತ್ರವೂ ನನಗೆ ಹೇಳಿರಲಿಲ್ಲ.

ಸಮಾಧಿ ಗುಂಡಿಯಲ್ಲಿ ಕೂರಿಸಿದಾಗ ಅವಳ ಎಡಗೈಯಲ್ಲಿ ಅವಳ ಲಿಂಗವಿಟ್ಟೆ. ಮಣ್ಣು ಹಾಕುವ ಮುಂಚೆ ಅವಳ ಎದೆಯ ಮೇಲೆ ಕೈಯಿಟ್ಟು ನೋಡಿದೆ. ನಾನು ಅವಳಿಗೆ ತೋರಿಸಿಕೊಟ್ಟದ್ದು ಅಲ್ಲಿರಲಿಲ್ಲ.