ಪರದೆಗೆ ಹಚ್ಚಿದ ಕುಂಕುಮ

ಗುಳೇದಗುಡ್ಡದ ನಮ್ಮ ಶಾಲೆಗೆ ದೊಡ್ಡ ಟಚ್ ಪರದೆ ಬಂದಾಗ ಖುಷಿಗಿಂತ ಅಂಜಿಕೆಯೇ ಹೆಚ್ಚಾಯಿತು. ಬಳಸದಿದ್ದರೆ ಬೇರೆ ಶಾಲೆಗೆ ಒಯ್ಯುತ್ತೇವೆ ಎಂದು ಮೇಲಿನವರು ಹೇಳಿ ಹೋಗಿದ್ದರು. ವಿಜ್ಞಾನ ಕಲಿಸುವವಳೆಂದು ಅದರ ಹೊಣೆ ನನ್ನ ತಲೆಗೆ ಬಿತ್ತು.

ಅದರಲ್ಲಿ ಡೈನೋಸಾರ್‌ಗಳ ಪಾಠವೊಂದಿತ್ತು. ಕೆಳಗೆ ಕಾಲದ ಪಟ್ಟಿ. ಟ್ರಯಾಸಿಕ್ ಮುಟ್ಟಿದರೆ ನಾಯಿಯಷ್ಟೇ ಗಾತ್ರದವು, ಜುರಾಸಿಕ್‌ನಲ್ಲಿ ಬೆನ್ನ ಮೇಲೆ ಹಲಗೆ ಹೊತ್ತ ಸ್ಟೆಗೋಸಾರಸ್, ಕ್ರಿಟೇಶಿಯಸ್‌ನಲ್ಲಿ ನಮ್ಮ ದೇಶದ್ದೇ ಆದ ರಾಜಾಸಾರಸ್. ಬೆರಳಿಟ್ಟರೆ ತಿರುಗುತ್ತವೆ, ಬಾಯಿ ತೆರೆದು ಹಲ್ಲು ತೋರಿಸುತ್ತವೆ. ಆರನೇ ತರಗತಿಯಲ್ಲಿ ಓದು ಎಂದೊಡನೆ ತಲೆ ತಗ್ಗಿಸುತ್ತಿದ್ದ ಹುಡುಗಿಯೊಬ್ಬಳಿದ್ದಳು. ಹಲ್ಲು ನೋಡಿಯೇ ಇದು ಸೊಪ್ಪು ತಿನ್ನೋದು, ಇದು ಮಾಂಸ ತಿನ್ನೋದು ಎನ್ನತೊಡಗಿದಳು. ಆಮೇಲೆ ಆ ಉದ್ದುದ್ದ ಹೆಸರುಗಳನ್ನೂ ಅಕ್ಷರ ಕೂಡಿಸಿ ತಾನೇ ಓದಿದಳು. ಕಲಿಸಿದ್ದು ನಾನೇ ಎಂದು ಬೀಗಿದೆ.

ನಾನು ನೇಕಾರರ ಮನೆಯವಳು. ಖಂಡೇಪೂಜೆ ಎಂದರೆ ಆಯುಧಪೂಜೆ; ಅಂದು ಮಗ್ಗಕ್ಕೆ ಕುಂಕುಮವಿಡದೆ ನಮ್ಮಲ್ಲಿ ಯಾರೂ ಊಟಕ್ಕೆ ಕೂಡುವುದಿಲ್ಲ. ದಸರಾ ರಜೆಯ ಹಿಂದಿನ ದಿನ, ಇದೂ ದುಡಿಯುವ ವಸ್ತುವಲ್ಲವೇ ಎಂದು ಪರದೆಯ ಚೌಕಟ್ಟಿಗೂ ಧಾರಾಳವಾಗಿ ಕುಂಕುಮ ಹಚ್ಚಿ ಕೈಮುಗಿದೆ. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ.

ರಜೆ ಮುಗಿದು ಬಂದರೆ ಪರದೆಗೆ ದೆವ್ವ ಹೊಕ್ಕಂತಾಗಿತ್ತು. ಯಾವ ಕಾಲ ಮುಟ್ಟಿದರೂ ತಾನೇ ಓಡಿ ಕೊನೆಯ ಪುಟಕ್ಕೆ ಹೋಗುತ್ತಿತ್ತು. ಆಕಾಶದಿಂದ ಬಂಡೆ ಬಿದ್ದು ಎಲ್ಲವೂ ಸಾಯುತ್ತಿದ್ದವು. ಇನ್ನು ಮೂರು ದಿನಕ್ಕೆ ಇಲಾಖೆಯ ಸಾಹೇಬರ ತಪಾಸಣೆ. ನನ್ನ ಸಿಟ್ಟು ನೆತ್ತಿಗೇರಿತು. ಮಕ್ಕಳೆಲ್ಲರ ಕೈ ನೋಡುತ್ತ ಬಂದೆ. ಆ ಹುಡುಗಿಯ ಮನೆಯಲ್ಲಿ ನೂಲಿಗೆ ಬಣ್ಣ ಹಾಕುತ್ತಾರೆ, ಎಷ್ಟು ತೊಳೆದರೂ ಅವಳ ಬೆರಳ ಸಂದಿಯಲ್ಲಿ ಕೆಂಪು ಉಳಿದಿರುತ್ತದೆ.

"ಇಂಥಾ ಹೊಲಸು ಕೈಲೆ ಮುಟ್ಟಿದ್ರ ಕೆಡದ ಏನಾಗ್ತೈತಿ?" ಎಂದೆ, ಎಲ್ಲರೆದುರು.

ಸಂಜೆ ಬಾಗಲಕೋಟೆಯ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ಚೌಕಟ್ಟಿನಿಂದ ಬರುವ ಕಾಣದ ಬೆಳಕಿಗೆ ಧೂಳು, ಬಟ್ಟೆ ಏನೇ ಅಡ್ಡ ಬಂದರೂ ಯಾರೋ ಬೆರಳಿಟ್ಟಿದ್ದಾರೆಂದು ಪರದೆ ತಿಳಿಯುತ್ತದೆ, ಸಂದಿಯನ್ನು ಒಣಬಟ್ಟೆಯಿಂದ ಒರೆಸಿ ಎಂದರು. ಒರೆಸಿದೆ. ಬಟ್ಟೆಗೆ ಬಂದದ್ದು ಕುಂಕುಮ. ಪರದೆ ಸರಿಹೋಯಿತು. ಯಾರು ಕೆಡಿಸಿದ್ದರಂತೆ ಎಂದು ಹೆಡ್ ಮಾಸ್ತರು ಸುಮ್ಮನೆ ಕೇಳಿದರೂ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಬೆರಳು ಸೆರಗಿನಲ್ಲಿ ಮುಚ್ಚಿಕೊಂಡೆ. ನಾಳೆ ಹೇಳಿದರಾಯಿತು ಎಂದುಕೊಂಡೆ. ಮರುದಿನವೂ ಹೇಳಲು ಬಾಯಿ ಬರಲಿಲ್ಲ. ಆ ಹುಡುಗಿ ಹಿಂದಿನ ಸಾಲಿಗೆ ಹೋಗಿ ಕೂತಿದ್ದಳು, ಓದು ಎಂದರೆ ಮತ್ತೆ ತಲೆ ತಗ್ಗಿಸುತ್ತಿದ್ದಳು. ಇವಳ ಓದು ನನ್ನ ಕೈಯಿಂದಲೇ ಹೋಯಿತೇನೋ ಎಂಬ ಅಂಜಿಕೆ ಹತ್ತಿತು.

ತಪಾಸಣೆಯ ದಿನ ಯಾರು ತೋರಿಸುತ್ತೀರಿ ಎಂದು ಸಾಹೇಬರು ಕೇಳಿದರು. ಮಕ್ಕಳೆಲ್ಲ ಆ ಹುಡುಗಿಯತ್ತಲೇ ತಿರುಗಿದರು. ಅವಳು ಎದ್ದು ನಿಂತು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.

"ನಾ ಒಲ್ಲೆರಿ. ನಾ ಮುಟ್ಟಿದ್ರ ಕೆಡ್ತೈತ್ರಿ."

ನಾನು ಸಾಹೇಬರ ಮುಂದೆ ಹೋಗಿ ನಿಂತೆ. "ಅಕಿ ಕೆಡಿಸಿಲ್ರಿ, ಸರ್. ಕುಂಕುಮ ಹಚ್ಚಿ ಕೆಡಿಸಿದಾಕಿ ನಾನ್ರಿ. ಸುಮ್ಮ ಸುಮ್ಮನ ಅಕಿಗೆ ಬೈದೇನ್ರಿ."

ಹೆಡ್ ಮಾಸ್ತರು ನೆಲ ನೋಡಿದರು. ಸಾಹೇಬರು ಏನೋ ಬರೆದುಕೊಂಡರು. ಪರದೆಯನ್ನು ಮಾತ್ರ ಒಯ್ಯಲಿಲ್ಲ.

ನಾನು ಕರೆದಾಗ ಹುಡುಗಿ ಮುಂದೆ ಬಂದಳು. ಕರ್ಚೀಪು ತೆಗೆದು ಬೆರಳಿಗೆ ಸುತ್ತಿಕೊಂಡು ಜುರಾಸಿಕ್ ಮುಟ್ಟಿದಳು. ಹೆಸರುಗಳನ್ನು ಒಂದೂ ತಪ್ಪದೆ ಓದಿದಳು. ಕರ್ಚೀಪು ಬ್ಯಾಡ, ಹಂಗ ಮುಟ್ಟವ್ವಾ ಎಂದು ಆಮೇಲೆ ಎಷ್ಟೋ ಸಲ ಹೇಳಿದೆ. ಆ ವರ್ಷ ಮುಗಿಯುವವರೆಗೂ ಅವಳು ಅದನ್ನು ಬರಿಗೈಯಿಂದ ಮುಟ್ಟಲಿಲ್ಲ.