ನಂದಿಯ ಎದೆ ಮಟ್ಟದ ನೀರು

ಚೆನ್ನೈಯ ಕೋಯಂಬೇಡು ಮಾರುಕಟ್ಟೆಯಲ್ಲಿ ಮೊನ್ನೆ ಅಪರೂಪಕ್ಕೆ ಮಂಗಳೂರು ಸೌತೆ ಸಿಕ್ಕಿತು. ಮನೆಗೆ ತಂದು ಹುಳಿ ಮಾಡಿದೆ. ತೆಂಗಿನೆಣ್ಣೆಯ ಒಗ್ಗರಣೆಯ ಪರಿಮಳ ಎದ್ದದ್ದೇ ತಡ, ಕೀಲ್ಪಾಕಿನ ಆ ಓಣಿ, ಅಲ್ಲಿನ ಮೆಸ್ಸು, ಮೆಸ್ಸಿನ ಅಮ್ಮ... ಒಲೆ ಆರಿಸಿ ಸುಮ್ಮನೆ ನಿಂತುಬಿಟ್ಟೆ.

ಅವರು ಕುಂದಾಪುರದ ಕಡೆಯವರು. ಗಂಡ ತೀರಿಹೋದ ಮೇಲೆ ಆ ಮೆಸ್ಸೇ ಅವರ ಜೀವನ. ಮದುವೆಯಾಗದ ನಾವು ಐದಾರು ಕನ್ನಡದವರು ಎರಡು ಹೊತ್ತೂ ಅಲ್ಲೇ ಬಿದ್ದಿರುತ್ತಿದ್ದೆವು. ಎರಡನೇ ಸಲ ಅನ್ನ ಬೇಡ ಎಂದವರನ್ನು ಅಮ್ಮ ಜ್ವರ ಬಂದವರನ್ನು ನೋಡುವಂತೆ ನೋಡುತ್ತಿದ್ದರು.

ಆಮೇಲೆ ಚೆನ್ನೈಗೆ ನೀರಿಲ್ಲದ ಆ ಬೇಸಿಗೆ ಬಂತು. ಬೋರ್‌ವೆಲ್ ಬತ್ತಿತು. ಲಾರಿ ನೀರು ಬಂದರೆ ಊಟ, ಬಾರದಿದ್ದರೆ ಬೀಗ. ಹೀಗೇ ಆದರೆ ಮೆಸ್ಸು ಮುಚ್ಚಿ ಊರಿಗೆ, ಅಣ್ಣನ ಮನೆಗೆ ಹೋಗಬೇಕಾಗುತ್ತದೆ ಎಂದು ಅಮ್ಮ ಒಂದೆರಡು ಸಲ ಹೇಳಿದ್ದರು. ಓಣಿಯ ಕೊನೆಯ ಈಶ್ವರನ ಗುಡಿಯಲ್ಲಿ ಸೋಮವಾರ ಎಲ್ಲರೂ ಉಪವಾಸವಿದ್ದು, ನಂದಿಯ ಸುತ್ತ ಕಟ್ಟೆ ಕಟ್ಟಿ ಕೊರಳಿನವರೆಗೆ ನೀರು ತುಂಬಿಸೋಣ, ಮಳೆ ಬರುತ್ತದೆ ಎಂದು ಮನೆಮನೆಗೆ ಹೋಗಿ ಒಪ್ಪಿಸಿದ್ದೂ ಅವರೇ. ಮೆಸ್ಸಿಗೇ ರಜೆಯಾದ್ದರಿಂದ ನಮ್ಮ ಉಪವಾಸಕ್ಕೆ ನಮ್ಮ ಒಪ್ಪಿಗೆ ಬೇಕಾಗಿರಲಿಲ್ಲ.

ಮನೆಗೊಂದು ಕೊಡದಂತೆ ನೀರು ಬಂತು. ಕುಡಿಯಲು ಎತ್ತಿಟ್ಟದ್ದನ್ನೇ ಜನ ತಂದಿದ್ದರು. ಹೊಟ್ಟೆ ಚುರುಗುಟ್ಟುತ್ತಿದ್ದರೂ ಎಲ್ಲರೂ ಒಟ್ಟಿಗೆ ಪಂಚಾಕ್ಷರಿ ಹೇಳುತ್ತಿದ್ದೆವು. ನೀರು ಕೊರಳು ಮುಟ್ಟಲು ಇನ್ನೇನು ಒಂದು ಗೇಣು... ಆಗ ಕೂಸನ್ನು ಸೊಂಟಕ್ಕೇರಿಸಿಕೊಂಡ ಒಬ್ಬಳು ಖಾಲಿ ಕೊಡ ಹಿಡಿದು ಬಂದು ನಿಂತಳು. ಪಕ್ಕದಲ್ಲಿ ಏಳುತ್ತಿದ್ದ ಕಟ್ಟಡದ ಶೆಡ್ಡಿನಲ್ಲಿದ್ದ ಕೂಲಿಯವಳು. ಇಲ್ಲಿ ನೀರು ಹಂಚುತ್ತಿದ್ದಾರೆ ಎಂದುಕೊಂಡಿದ್ದಳು.

ಅಮ್ಮ ಎದ್ದರು. ಅವಳ ಕೊಡ ತೆಗೆದುಕೊಂಡು ನಂದಿಯ ಮುಂದಿನ ನೀರಿಗೇ ಅದ್ದಿದರು. ಸಂಕಲ್ಪ ಕೆಡುತ್ತದೆ ಎಂದು ಅರ್ಚಕರು ತಮಿಳಿನಲ್ಲಿ ಗದರಿದರು. ಅಮ್ಮ ನನ್ನ ಕಡೆ ತಿರುಗಿದರು.

“ನಂದಿಗೆ ಎದಿ ಮಟ್ಟ ಸಾಕಲ್ದಾ ಮಗಾ? ಅವ್ನಿಗೇನ್ ಅನ್ನ ಬೇಯ್ಸುಕ್ ಇತ್ತಾ? ಹಿಡಿ, ಎತ್ತು.”

ನೀರು ಕೊರಳು ಮುಟ್ಟಲೇ ಇಲ್ಲ. ಮಳೆಯೂ ಬರಲಿಲ್ಲ. ಅಮ್ಮನಿಂದಲೇ ವ್ರತ ಕೆಟ್ಟಿತು ಎಂದು ಓಣಿಯವರು ಆಡಿಕೊಂಡರು. ಎಲ್ಲರಿಗಿಂತ ಹೆಚ್ಚು ಮಳೆ ಬೇಕಾಗಿದ್ದದ್ದು ಅವರಿಗೇ ಎಂಬುದು ಯಾರಿಗೂ ನೆನಪಾಗಲಿಲ್ಲ. ಮುಂದಿನ ತಿಂಗಳು ಮೆಸ್ಸಿಗೆ ಬೀಗ ಬಿತ್ತು. ಪಾತ್ರೆಗಳನ್ನು ಗೋಣಿಯಲ್ಲಿ ಕಟ್ಟಿಕೊಟ್ಟು, ಮಂಗಳೂರು ರೈಲು ಹತ್ತಿಸಿ ಬಂದವರು ನಾವೇ.

ಅವರು ಹೋದ ಮೇಲೆ ಮಳೆ ಬಂತು. ಬೀಗ ಹಾಕಿದ ಆ ಬಾಗಿಲ ಮುಂದೆ ನಿಂತೇ ಫೋನ್ ಮಾಡಿ ಹೇಳಿದೆ. ಅಮ್ಮ ಕೇಳಿದರು.

“ಆ ಹೆಣ್ಣಿನ ಶೆಡ್ಡು ಸೋರುದಿಲ್ಲ ಅಲ್ದಾ? ಒಂಚೂರ್ ಕಂಡ್ಕಂಡ್ ಬಾ.”

ಅಲ್ಲಿಂದ ಪ್ರತಿ ವರ್ಷ ಮೊದಲ ಮಳೆಗೆ ಫೋನ್ ಮಾಡುವುದು ರೂಢಿಯಾಯಿತು. ಮಳೆ ಒಂದು ನೆಪ. ಊಟ ಆಯ್ತಾ ಎಂದು ಅವರ ಬಾಯಲ್ಲಿ ಕೇಳಿಸಿಕೊಳ್ಳುವ ಆಸೆ ನನಗೆ. ಹೋದ ಚಳಿಗಾಲದಲ್ಲಿ ಅಮ್ಮ ತೀರಿಕೊಂಡರು. ಈ ಸಲವೂ ಮಳೆ ಚೆನ್ನಾಗಿಯೇ ಬಂತು. ಕೈ ತಾನಾಗಿ ಫೋನಿಗೆ ಹೋಯಿತು... ಮಳೆ ಬಂತೆಂದು ಯಾರಿಗೂ ಹೇಳದೆ ಕಿಟಕಿ ಹಾಕಿಕೊಂಡೆ.